ಶಿರವಾಡದಲ್ಲಿ ಎರಡು ಕೋಣೆ

ಅಂಕೋಲಾ
೨೦ ಮೇ ೨೦೨೫

ಪ್ರೀತಿಯ ರೂಪೇಶರಿಗೆ,

ನಾನೂ ಮಗಳೂ ಕ್ಷೇಮ. ನೀವೂ ಆ ಇಂಜಿನ್ನಿನ ಕಾವಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೆಂದು ನಂಬಿಕೊಂಡಿದ್ದೇನೆ. ಮನೆಯ ವಿಷಯ ವಿವರವಾಗಿ ಬರೆಯುತ್ತೇನೆಂದು ಹೇಳಿ ಬಹಳ ದಿನವಾಯಿತು, ಬೇಸರಿಸಬೇಡಿ. ಫೋನಿನಲ್ಲಿ ಹೇಳಹೊರಟರೆ "ಕೇಳ್ತದಾ, ಕೇಳ್ತದಾ" ಎನ್ನುವುದರಲ್ಲೇ ಲೈನು ಹೋಗುತ್ತದೆ. ಪಕ್ಕದ ಮನೆಯ ಸುಹಾಸ ನಿಮ್ಮ ಹಡಗಿಗೇ ಕೆಲಸಕ್ಕೆ ಸೇರಲು ನಾಳೆ ಮುಂಬೈಗೆ ಹೊರಡುತ್ತಾನೆ. ಅವನ ಕೈಯಲ್ಲಿ ಈ ಪತ್ರವನ್ನೂ ಒಂದು ಡಬ್ಬಿ ಒಣಸಿಗಡಿ ಚಟ್ನಿಯನ್ನೂ ಕಳಿಸುತ್ತಿದ್ದೇನೆ.

ನನಗೆ ಕಾರವಾರಕ್ಕೆ ವರ್ಗವಾದದ್ದು ನಿಮಗೆ ಗೊತ್ತು. ಜೂನಿನಿಂದ ರಕ್ಷಿತಾ ಒಂದನೇ ತರಗತಿ. ಅವಳನ್ನು ಕಟ್ಟಿಕೊಂಡು ಇಲ್ಲಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತು. ಹಾಗಾಗಿ ರವಿವಾರಗಳಲ್ಲಿ ಇಬ್ಬರೂ ಮನೆ ನೋಡುತ್ತ ತಿರುಗಿದೆವು.

ಮೊದಲು ಬೈತಖೋಲ. ಗುಡ್ಡದ ಮೇಲಿನ ಮನೆ, ಕಿಟಕಿ ತೆಗೆದರೆ ಬಂದರು. ಹೊರಗೆ ನಿಂತಿದ್ದ ಹಡಗೊಂದನ್ನು ನೋಡಿ ರಕ್ಷಿತಾ, ಅದು ಅಪ್ಪಂದಾ ಎಂದು ಕೇಳಿದಳು. ಅಲ್ಲ ಎಂದೆ. ಇನ್ನೊಂದಕ್ಕೆ ಕೈ ತೋರಿಸಿ ಮತ್ತೆ ಕೇಳಿದಳು. ದಿನಾ ಬೆಳಗಾದರೆ ಅಲ್ಲ, ಅಲ್ಲ ಎನ್ನುವುದು ನನ್ನಿಂದಾಗದು ಅನಿಸಿ ಕೆಳಗಿಳಿದು ಬಂದೆ.

ನೀವು ವಿಡಿಯೋದಲ್ಲಿ ನೋಡಿ ಮೆಚ್ಚಿದ್ದ ಅಮದಳ್ಳಿಯ ಮನೆಗೂ ಹೋಗಿದ್ದೆವು. ಮೂರನೆಯ ಕೋಣೆ ಹೇಗೂ ಬೇಕಾಗುತ್ತದೆ ಎಂದು ನೀವು ನಕ್ಕಿದ್ದಿರಿ. ಅಂಗಳ, ಬಾವಿ, ಹಿತ್ತಲಲ್ಲಿ ತೆಂಗು, ಎಲ್ಲ ಇದೆ. ಮಾಲಕರು ದುರ್ಗಪ್ಪ ಅಂತ. ಒಳ್ಳೆಯ ಮನುಷ್ಯ, ಎಳನೀರು ಕೆತ್ತಿ ಕೊಟ್ಟರು. ಹಿಂದಿನ ಚಿಕ್ಕ ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತದೆ. ಅಲ್ಲಿ ತುಸು ಹೊತ್ತು ನಿಂತಿದ್ದೆ. ಆದರೂ ಬೇಡವೆಂದು ಬಂದೆ. ಬೇಸಿಗೆಯಲ್ಲಿ ಬಾವಿ ನೀರು ಸವಳು. ಕೂಗಿದರೆ ಓಗೊಡುವಷ್ಟು ಹತ್ತಿರ ಯಾರೂ ಇಲ್ಲ. ಅಷ್ಟು ದೊಡ್ಡ ಮನೆ ಗುಡಿಸಿ ಒರೆಸಲು ನನಗೆ ಹೊತ್ತಾದರೂ ಎಲ್ಲಿ?

ಕೊನೆಗೆ ಶಿರವಾಡದಲ್ಲಿ ಮಾತು ಕೊಟ್ಟಿದ್ದೇನೆ. ಮಾಳಿಗೆ ಮೇಲೆ ಎರಡು ಕೋಣೆ, ಒಂದು ಅಡಿಗೆಮನೆ. ಕೆಳಗೆ ಮನೆಯೊಡತಿ ಹೊನ್ನಕ್ಕ ಒಬ್ಬರೇ. ಶಾಲೆ ಬಿಟ್ಟ ಮೇಲೆ ರಕ್ಷಿತಾಳನ್ನು ತಾವೇ ನೋಡಿಕೊಳ್ಳುತ್ತಾರಂತೆ. "ಇರ್ಲಿ ಬಿಡು, ನಂಗೂ ಮಾತಾಡೂಕೆ ಒಂದ್ ಜನ ಆಯ್ತು" ಎಂದರು. ರೈಲು ನಿಲ್ದಾಣ ಹತ್ತಿರ. ನೀವು ಬಂದಿಳಿದರೆ ರಿಕ್ಷಾ ಬೇಕಿಲ್ಲ. ರೈಲು ಹೋಗುವಾಗ ಕಿಟಕಿ ಸಣ್ಣಗೆ ಅದುರುತ್ತದೆ. ನೋಡಿದಿರಾ ಎಂದು ನಿಮಗೆ ಹೇಳಲು ತಿರುಗಿಯೇಬಿಟ್ಟಿದ್ದೆ. ಖಾಲಿ ಕೋಣೆಯಲ್ಲಿ ಮಗಳು ಬರಿ ನೆಲದ ಮೇಲೆ ನಿದ್ದೆ ಹೋಗಿದ್ದಳು. ಎಬ್ಬಿಸಲು ಮನಸ್ಸಾಗದೆ ನಾನೂ ಗೋಡೆಗೆ ಒರಗಿ ಕೂತೆ.

ಅತ್ತೆ ಇಲ್ಲೇ ಭಾವನವರ ಮನೆಯಲ್ಲಿ ಉಳಿಯುತ್ತಾರೆ. ಸಾಮಾನು ಸಾಗಿಸಲು ಭಾವ ಟೆಂಪೋ ಹೇಳಿದ್ದಾರೆ. ನಿಮ್ಮ ತಲೆ ಕಾಯಲೆಂದು ಅತ್ತೆ ದಿನಾ ದೇವರಿಗೆ ದೀಪ ಹಚ್ಚುತ್ತಾರೆ, ಅವರ ಆಶೀರ್ವಾದ ನಿಮ್ಮ ಮೇಲಿರಲಿ. ಮಗಳದು ಮುತ್ತು.

ನಿಮ್ಮ
ನಿಶಾ

ತಾ.ಕ.: ಬಾವಿ ನೀರು ಸವಳು ಎಂದದ್ದು ಸುಳ್ಳಲ್ಲ. ಆದರೆ ಅಮದಳ್ಳಿ ಬೇಡವೆಂದದ್ದು ಅದಕ್ಕಲ್ಲ. ಎಷ್ಟು ಜನ ಇರುವುದು ಎಂದು ದುರ್ಗಪ್ಪನವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ರಕ್ಷಿತಾ, "ನಾಕ್ ಜನ. ಅಪ್ಪ, ಅಮ್ಮ, ನಾನು, ಪಾಪು" ಎಂದಳು.

ಪಾಪು ಇಲ್ಲ. ನೀವು ಹೋದ ಮುಂದಿನ ತಿಂಗಳೇ ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಲ್ಲಿ ಅತ್ತೆ ಜೊತೆಗಿದ್ದರು. "ಅವ ಸಮುದ್ರದ ಮಧ್ಯ ಇದ್ದ, ಒಬ್ನೇ ಎಂತ ಮಾಡ್ತ? ಬಂದ್ಮೇಲೆ ಹೇಳ್ವ" ಎಂದರು. ನಾನೂ ಹೂಂ ಎಂದೆ. ಆ ಚಿಕ್ಕ ಕೋಣೆಯಲ್ಲಿ ನಿಂತು ಬಂದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ನನ್ನ ಮೈ ಈಗ ಸುಧಾರಿಸಿದೆ, ಹೆದರಬೇಡಿ. ಮಗಳಿಗೆ ಇನ್ನೂ ಹೇಳಿಲ್ಲ. ನೀವು ಬಂದ ಮೇಲೆ ಇಬ್ಬರೂ ಕೂತು ಹೇಳೋಣ. ಇದನ್ನು ಓದಿದ ಮೇಲೆ ಒಬ್ಬರೇ ಇರಬೇಡಿ. ಸುಹಾಸನಿಗೆ ಹೇಳಿದ್ದೇನೆ, ಹತ್ತಿರ ಕೂರುತ್ತಾನೆ.