ಅತ್ತೆಯ ಬಲಗಾಲು

ಮಸಾಕಾ
ಆಗಸ್ಟ್ ೪

ನನ್ನ ಮೇಲೆ ಮುನಿದು ಎಂಬಾಲೆ ಪಟ್ಟಣದಲ್ಲಿ ಕೂತಿರುವ ನಸ್ಸೂನಾಗೆ,

ನನ್ನ ಫೋನ್ ನೀನು ಎತ್ತುವುದಿಲ್ಲವಾದ್ದರಿಂದ ಬಸ್ಸಿನವನ ಕೈಲಿ ಈ ಕಾಗದ. ನೀನು ಬಹಳ ದಿನದಿಂದ ಕೇಳುತ್ತಿದ್ದ ವಿಚ್ಛೇದನವನ್ನು ದಯಪಾಲಿಸಲು ನಿರ್ಧರಿಸಿದ್ದೇನೆ. ಸಂತೋಷಪಡುವ ಮೊದಲು ಕಾರಣ ಓದು: ನನಗೆ ನಿನ್ನ ಅಮ್ಮನ ಬಲಗಾಲು ಬೇಕಾಗಿದೆ.

ಭಾನುವಾರ ಅತ್ತೆಯ ಮನೆಗೆ ನಿಮ್ಮ ಕುಲದ ಹಿರಿಯರು ಬಂದಿದ್ದರು. ಅತ್ತೆ ಪದ್ಧತಿಯಂತೆ ಮಂಡಿಯೂರಿ ವಂದಿಸಿದರು. ಅಳಿಯ ಅತ್ತೆಯ ಎದುರಿಗೆ ಬರಬಾರದಲ್ಲ, ನಾನು ಹಿಂದುಗಡೆ ಬಾಳೆಯ ಮರೆಯಲ್ಲಿದ್ದೆ. ಅಂಗಾಲುಗಳು ನನ್ನತ್ತ ತಿರುಗಿದ್ದವು. ಬಲ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ. ಅಂಚು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿದೆ. ಇಂಥವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ತಲೆ ನರೆಸಿಕೊಂಡವನು ನಾನು. “ಊರವರ ಅಂಗಾಲೆಲ್ಲ ಗೊತ್ತು, ಹೆಂಡ್ತಿ ಮುಖ ನೆನಪಿದ್ಯಾ?” ಎಂದು ನೀನು ಬಾಗಿಲು ಬಡಿದು ಹೋದದ್ದು ಅಂಗಾಲಿನ ಚರ್ಮದ ಈ ಕ್ಯಾನ್ಸರಿನ ಮೇಲಿನ ಸಿಟ್ಟಿಗೇ. ಅಪರೂಪದ ರೋಗ, ಬಂದರೆ ಮಾತ್ರ ನಮಗಿಂತ ಜೋರಾಗಿ ಓಡುತ್ತದೆ.

ಮುಟ್ಟಿ ನೋಡಬೇಕು, ಒಂದು ಚೂರು ತೆಗೆದು ಪರೀಕ್ಷಿಸಬೇಕು. ಪರದೆಯ ಈಚೆ ನಿಂತು ಅಂಗಲಾಚಿದೆ. “ತಲೆ ಕೆಟ್ಟಿದ್ಯಾ? ಅತ್ತೇನ ಮುಟ್ಟಿದ ಅಳಿಯಂಗೆ ಕೈ ನಡುಗೋ ರೋಗ ಬರುತ್ತೆ. ಆಮೇಲೆ ನಿನ್ನ ರೋಗಿಗಳನ್ನ ಯಾರು ಕೊಯ್ತಾರೆ, ನಿಮ್ಮಪ್ಪನಾ?” ಎಂದರು.

ಗೆಳೆಯ ಡಾಕ್ಟರನ್ನು ಕರೆತಂದೆ. “ಅಂಗಾಲಿಗೆ ನನ್ನ ಅಳಿಯನ್ನ ಬಿಟ್ರೆ ಡಾಕ್ಟ್ರೇ ಇಲ್ಲ ಅಂತ ಊರೆಲ್ಲ ಹೇಳ್ಕೊಂಡಿದೀನಿ. ಈಗ ಇನ್ನೊಬ್ಬನಿಗೆ ಕಾಲು ಚಾಚಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?” ಎಂದು ಅವನಿಗೆ ಬೇಯಿಸಿದ ಬಾಳೆಕಾಯಿಯ ಮಟೋಕೆ ಬಡಿಸಿ ಸಾಗಹಾಕಿದರು. ಇಷ್ಟು ಬಿಗಿಯಾದ ತರ್ಕವನ್ನು ನಾನು ಯಾವ ವಿಜ್ಞಾನ ಸಮ್ಮೇಳನದಲ್ಲೂ ಕಂಡಿಲ್ಲ.

ನಿನ್ನೆ ಕೊನೆಯ ಬಾಣ ಬಿಟ್ಟೆ: ನಾನು ಅಳಿಯನೇ ಅಲ್ಲದಿದ್ದರೆ? “ಅಳಿಯ ಅಲ್ದಿದ್ರೆ ಮಗ. ಮಗ ಮುಟ್ಟಿದ್ರೆ ಯಾವ ರೋಗ?” ಎಂದರು.

ಕೂಡಲೇ ನಿನ್ನ ಅಣ್ಣ ಕಿಜ್ಜಾನ ಬಳಿ ಓಡಿದೆ. ಮದುವೆಯಲ್ಲಿ ಸಂಬಂಧದ ಗುರುತಾಗಿ ಹೆಣ್ಣಿನ ಅಣ್ಣನಿಗೆಂದು ನಾನು ಕೊಟ್ಟ ಹುಂಜ ಹಿಂತಿರುಗಿಸಿ ಸಂಬಂಧ ಮುರಿದುಬಿಡು ಎಂದೆ. “ಭಾವಾ, ತಿಂದಿದ್ದನ್ನ ಎಲ್ಲಿಂದ ಕಕ್ಲಿ?” ಎಂದು ನಕ್ಕ, ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಇನ್ನು ನೀನೇ ಗತಿ. ವಕೀಲರ ಪತ್ರಕ್ಕೆ ಸಹಿ ಹಾಕಿ ಇದರೊಳಗಿಟ್ಟಿದ್ದೇನೆ. ನೀನೂ ಹಾಕಿ, ಅವನನ್ನು ಬಿಟ್ಟೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳು. ಖುಷಿಯ ದನಿಯಲ್ಲಿ ಹೇಳಬೇಡ, ನಂಬುವುದಿಲ್ಲ.

ಸದ್ಯಕ್ಕೆ ನಿನ್ನ ಗಂಡ,
ಲುತಾಯಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಅತ್ತೆಯ ತೊಡೆಸಂದಿಯಲ್ಲಿ ಗಂಟು ಕಾಣಿಸಿದೆಯಂತೆ. “ಬಾಳೆಗೊನೆ ಹೊತ್ತಿದ್ದಕ್ಕೆ ಊದಿರೋದು, ಅಲ್ವಾ?” ಎಂದು ಕೇಳಿದರು. ಹೌದು ಎಂದೆ. ಅಲ್ಲ, ನಸ್ಸೂನಾ. ರೋಗ ಹಿಮ್ಮಡಿ ಬಿಟ್ಟು ಮೇಲಕ್ಕೆ ಹೊರಟಿದೆ. ಸಹಿ, ಫೋನು ಯಾವುದೂ ಬೇಡ. ಇದೇ ಬಸ್ಸು ಸಂಜೆ ಹಿಂತಿರುಗುತ್ತದೆ. ನನ್ನೊಡನೆ ಮಾತಾಡದಿದ್ದರೂ ಸರಿ, ಅದರಲ್ಲಿ ಕೂತು ಬಾ.