ಕಾಲು ತಿಕ್ಕುವ ಕಲ್ಲು

ಫೆ. 3, ಶನಿವಾರ
ಇವತ್ತೂ ಅದೇ. ಮಗಳು ಸುರಕ್ಷಾಳನ್ನು ಉಯ್ಯಾಲೆಯಲ್ಲಿ ಕೂರಿಸಿ ನಾನು ಪಾರ್ಕಿನ ಕಸ ಹೆಕ್ಕುದು. ಮೀನಿನ ತೊಟ್ಟೆ, ತರಕಾರಿ ತೊಟ್ಟೆ, ಡೈಪರ್ ಕಟ್ಟಿ ಎಸೆದ ಪ್ಲಾಸ್ಟಿಕ್ ತೊಟ್ಟೆ — ಎಲ್ಲ ಕಾಂಪೌಂಡಿನ ಆ ಮೂಲೆಗೇ. ದಂಡ ಅಂತ ಬೋರ್ಡ್ ಉಂಟು. ಬೋರ್ಡಿನ ಮೊಳೆಗೂ ಒಂದು ತೊಟ್ಟೆ ನೇತುಹಾಕಿದ್ದಾರೆ ಪುಣ್ಯಾತ್ಮರು. ನಾಯಿಗಳು ಎಳೆದು ಉಯ್ಯಾಲೆಯ ಅಡಿಗೆ ತರ್ತವೆ. ಸುಳ್ಯಕ್ಕೆ ಬಂದ ಮೇಲೆ ಬಾಡಿಗೆ ಮನೆ, ಅಂಗಳ ಇಲ್ಲ. ಮಗುವಿಗೆ ಇರುದು ಇದೊಂದು ಜಾಗ.

ಫೆ. 4, ಆದಿತ್ಯವಾರ
ಬೈಕಿನವನೊಬ್ಬ ಕಣ್ಣೆದುರೇ ಎಸೆದ. "ಎಂತ ಮಾರಾಯ್ರೆ, ಮಕ್ಕಳಾಡುವ ಜಾಗ ಅಲ್ವಾ" ಅಂದೆ. "ನಿಮ್ಮಪ್ಪನ ಜಾಗವಾ?" ಅಂತ ಕೇಳಿ ಹೋದ. ಮೈಯೆಲ್ಲ ಉರಿದುಹೋಯ್ತು. ಇವರಿಗೆ ಮನುಷ್ಯರ ಮಾತು ತಾಗುದಿಲ್ಲ. ತಾಗುವಂಥದ್ದೇ ಇಡ್ತೇನೆ.

ಫೆ. 5, ಬೆಳಿಗ್ಗೆ 5.30
ಆ ಮೂಲೆಯಲ್ಲಿ ಇಟ್ಟು ಬಂದೆ. ಬಚ್ಚಲಲ್ಲಿ ಅತ್ತೆ ಕಾಲು ತಿಕ್ಕುವ ಕಲ್ಲು. ಮೇಲೆ ಕುಂಕುಮ, ಒಂದು ಕೇಪಳ ಹೂ. ದೈವದ ಕಲ್ಲು ಅಂತ ನಾನಾಗಿ ಯಾರಿಗೂ ಹೇಳುದಿಲ್ಲ. ಅವರೇ ಹೇಳಿಕೊಳ್ತಾರೆ.

ಫೆ. 12
ಮೂಲೆಯಲ್ಲಿ ಒಂದೇ ಒಂದು ತೊಟ್ಟೆ ಇಲ್ಲ. ಗುಡಿಸುವ ಸುಂದರಣ್ಣ ಕೈಮುಗಿದು ಹೋಗ್ತಾರೆ. ಅತ್ತೆ ಬಚ್ಚಲಲ್ಲಿ ಕಲ್ಲು ಹುಡುಕ್ತಿದ್ದಾರೆ... ನಗು ತಡೆಯುದೇ ಕಷ್ಟ. ಸುರಕ್ಷಾ ಕತ್ತಲಾಗುವವರೆಗೆ ಆಡಿದಳು.

ಫೆ. 27
ಕರ್ಮ. ಈಗ ಹರಕೆಯಂತೆ. ಹೂ ತೊಟ್ಟೆಯಲ್ಲಿ, ಬಾಳೆಹಣ್ಣು ತೊಟ್ಟೆಯಲ್ಲಿ, ಊದುಬತ್ತಿ ತೊಟ್ಟೆಯಲ್ಲಿ. ತೊಟ್ಟೆ ಸಮೇತ ಇಟ್ಟು ಹೋಗುದು. ಮೊದಲಿಗಿಂತ ಹೆಚ್ಚಾಯ್ತು. "ಹೆಕ್ಕಿ ಸುಂದರಣ್ಣ" ಅಂತ ನಾನಂದ್ರೆ, "ದೈವಕ್ಕೆ ಇಟ್ಟದ್ದನ್ನು ಮುಟ್ಲಿಕ್ಕುಂಟಾ ಅಕ್ಕ? ನನಗೂ ಮಕ್ಕಳಿದ್ದಾರೆ."
ಅತ್ತೆಯೂ ಹೊರಟರು, ಗಂಟುನೋವಿನ ಹರಕೆಗೆ. ಕೈಯಲ್ಲಿ ಹೊಸ ತೊಟ್ಟೆ. ನಾನು ಹೊಲಿದ ಬಟ್ಟೆ ಚೀಲ ಬಾಗಿಲ ಹಿಂದೆಯೇ ಉಂಟು. "ಅದು ಮೀನು ತಂದ ಚೀಲ ಅಲ್ವಾ. ದೈವಕ್ಕೆ ಅದರಲ್ಲಿ ಕೊಂಡೋಗುದಾ?" ಅಂದರು.

ಮಾ. 10, ಆದಿತ್ಯವಾರ
ಪಾರ್ಕಿನಲ್ಲಿ ಮೀಟಿಂಗ್. ಎದುರುಮನೆ ಉದಯಶಂಕರಣ್ಣ ಅಧ್ಯಕ್ಷ. ಕಲ್ಲಿಗೆ ಕಟ್ಟೆ ಕಟ್ಟುದಂತೆ. ಉಯ್ಯಾಲೆ ಅಡ್ಡ ಅಂತೆ, ನಾಳೆಯೇ ತೆಗೆಯುದು. ಮಕ್ಕಳಿದ್ರೆ ಶುದ್ಧ ಉಳಿಯುದಿಲ್ಲಂತೆ. ಇಷ್ಟು ತೊಟ್ಟೆಯ ನಡುವೆ ನಿಂತು ಶುದ್ಧದ ಮಾತು!
ನಾನೇ ಇಟ್ಟದ್ದು ಅಂತ ಬಾಯಿಯವರೆಗೆ ಬಂತು. ಅಷ್ಟರಲ್ಲಿ ಅತ್ತೆ ಎದ್ದು, "ನನ್ನ ಗಂಟುನೋವು ಅರ್ಧ ಹೋಯ್ತು" ಅಂದರು. ಎಲ್ಲರೂ ಕೈಮುಗಿದರು. ನಾನೂ ಮುಗಿದೆ.
ಹೇಳುದು ಬೇಡ. ಬೆಳಗಾಗುವ ಮೊದಲು ಎತ್ತಿ ತರ್ತೇನೆ. ಕಲ್ಲಿಲ್ಲದಿದ್ರೆ ಕಟ್ಟೆ ಯಾವುದಕ್ಕೆ? ಉಯ್ಯಾಲೆ ಉಳೀತದೆ.

ಮಾ. 11, ಬೆಳಿಗ್ಗೆ 6.30
ಹೋದೆ. ಯಾರೂ ಇರ್ಲಿಲ್ಲ. ಬಗ್ಗಿದೆ. ಕೈ ಹೋಗ್ಲಿಲ್ಲ.
ನಮ್ಮ ಬಚ್ಚಲಿನ ಕಲ್ಲು, ನನ್ನ ಡಬ್ಬಿಯ ಕುಂಕುಮ — ಎಲ್ಲ ಗೊತ್ತುಂಟು. ಆದರೂ, ಸುರಕ್ಷಾಳಿಗೆ ಏನಾದರೂ ಆದರೆ... ಅಂತ ಬಂತು ಮನಸ್ಸಿಗೆ. ಥೂ ನನ್ನ ಜನ್ಮಕ್ಕೆ. ಮನೆಗೆ ಬಂದು ನೋಡಿದ್ರೆ ಕಾಲಲ್ಲಿ ಚಪ್ಪಲಿ ಇಲ್ಲ. ಕಲ್ಲಿನ ಎದುರು ಯಾವಾಗ ಕಳಚಿಟ್ಟೆನೋ ನೆನಪೇ ಇಲ್ಲ.
ಹೊರಗೆ ಟೆಂಪೋ ಬಂದು ನಿಂತಿತು. ಸುರಕ್ಷಾ ಎದ್ದು ಕಿಟಕಿಗೆ ಓಡಿದ್ದಾಳೆ. ಅಮ್ಮಾ, ಅವರು ಉಯ್ಯಾಲೆ ಬಿಚ್ತಿದ್ದಾರೆ, ನೀನು ಹೋಗಿ ಹೇಳು, ಹೇಳಮ್ಮಾ ಅಂತ ಸೆರಗು ಎಳೀತಿದ್ದಾಳೆ. ನಾನು ಇಲ್ಲಿ ಕೂತು ಇದನ್ನು ಬರೀತಿದ್ದೇನೆ.