ಓದಿ ಹೇಳಿದ್ದೇನೆ

ಮಾನ್ಯ ತಹಶೀಲ್ದಾರ್ ಸಾಹೇಬರಿಗೆ,

ತಮ್ಮ ಕಚೇರಿಯ ಎದುರು ಬೇವಿನ ಮರದಡಿ ಇಪ್ಪತ್ತೆರಡು ವರ್ಷಗಳಿಂದ ಅರ್ಜಿ ಬರೆಯುತ್ತಿರುವ ದುರ್ಗಪ್ಪನ ನಮಸ್ಕಾರಗಳು.

ಅರ್ಜಿ ಬರೆಯುವ ಯಂತ್ರ ಬಂದ ದಿನ ಕುತೂಹಲ ತಡೆಯದೆ ನಾನೂ ಒಳಗೆ ಬಂದು ನೋಡಿದೆ. ಅದರ ಕನ್ನಡ ನನ್ನದಕ್ಕಿಂತ ಚೊಕ್ಕ. ಯಂತ್ರ ಬರೆದದ್ದನ್ನು ಮನುಷ್ಯರೊಬ್ಬರು ಪರಿಶೀಲಿಸಿ ಸಹಿ ಮಾಡಬೇಕೆಂಬ ಸರ್ಕಾರದ ಹೊಸ ನಿಯಮವನ್ನೂ ಬಾಗಿಲ ಮೇಲೆ ಓದಿದೆ. ನನಗೊಂದು ಸಂಶಯ. ಪರಿಶೀಲಿಸುವುದೆಂದರೆ ಮನಸ್ಸಿನಲ್ಲೇ ಓದಿಕೊಳ್ಳುವುದೋ, ಅರ್ಜಿದಾರರಿಗೆ ಕೇಳುವಂತೆ ಓದುವುದೋ?

ಚಚಡಿ ಊರಿನ ಶಟ್ಟೆವ್ವನಿಗೆ ಯಂತ್ರ ಬರೆದುಕೊಟ್ಟ ಮಾಸಾಶನದ ಅರ್ಜಿಗೆ ಒಳಗೆ ಪರಿಶೀಲಿಸಿದವರ ಸಹಿ ಬಿದ್ದಿತ್ತು. ಹೆಬ್ಬೆಟ್ಟು ಒತ್ತುವ ಮೊದಲು ಆಕೆ ಅದನ್ನು ನನ್ನ ಹತ್ತಿರ ತಂದಳು. ಎಂದಿನಂತೆ ಗಟ್ಟಿಯಾಗಿ ಓದಿದೆ.

"ಗಂಡ ಸತ್ತಾನಂತ ಯಾರ ಹೇಳಿದ್ರು? ಬಿಟ್ಟ ಹೋಗ್ಯಾನ," ಎಂದಳು.

ಯಂತ್ರ ಅವನನ್ನು ಹೇಗೆ ಸಾಯಿಸಿತೆಂದು ತಿಳಿಯುವ ಆಸೆ ನನಗೆ ಇನ್ನೂ ಇದೆ. ಸಹಿಯ ಮೇಲೆ 'ಓದಿ ಹೇಳಿದ್ದೇನೆ' ಎಂಬ ಸಾಲೊಂದನ್ನು ಸೇರಿಸಬೇಕೆಂದು ವಿನಂತಿ.

ಈ ಪತ್ರವನ್ನೂ ಶಟ್ಟೆವ್ವನಿಗೆ ಓದಿ ಹೇಳಿದೆ.

"ತಿಂಗಳಾತು, ನಿನ್ನ ಕಡೆ ಯಾರೂ ಬರವಲ್ರು. ಅದನ್ಯಾಕ ಬರದಿಲ್ಲೋ ತಮ್ಮಾ?" ಎಂದಳು.

ಈಗ ಬರೆದಿದ್ದೇನೆ.

ಮರದಡಿಯೇ ಇರುವ,
ದುರ್ಗಪ್ಪ